ಅಜ್ಜ ಹೊಡೆಯದ ಎರಡನೆಯ ಗುಂಡು

ನಮ್ಮ ಪತ್ರಿಕೆಯ ಜಾಹೀರಾತು ವಿಭಾಗದಿಂದ ನಾನು ನಿವೃತ್ತಳಾದ ದಿನ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಎರಡು ಭಾಷಣ ಸಿಕ್ಕಿದವು. ಭಾಷಣ ಮಾಡಿದ ಇಬ್ಬರೂ ನಾನು ಪತ್ರಿಕೆಗೆ ಎಷ್ಟು ಜಾಹೀರಾತು ತಂದೆ ಎಂದು ಹೊಗಳಿದರು. ಬಟ್ಟೆ ಅಂಗಡಿ, ಗೊಬ್ಬರದ ಡಿಪೋ, ಹೋಂಸ್ಟೇ ಎಂದು ಅಲೆದು ತಂದದ್ದು ನಿಜ. ಆದರೆ ನನಗೆ ಪ್ರಿಯವಾಗಿದ್ದ ಕೆಲಸದ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಪತ್ರಿಕೆಯೂ ಸೋಪು, ಸೀರೆಯ ಹಾಗೆ ಒಂದು ಸಾಮಾನು, ಅದಕ್ಕೂ ಜಾಹೀರಾತು ಬೇಕಾಗುತ್ತದೆ ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಆ ಜಾಹೀರಾತನ್ನು ಮಾಡಿಸಿ, ಬೇರೆಯವರ ಪುಟಕ್ಕೆ ತಲುಪಿಸುವುದು ನನ್ನ ಪಾಲಿಗೆ ಬಂದಿತ್ತು.

ಈಗ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಆಂಟಿ, ಆಗ ಕಂಪ್ಯೂಟರೇ ಇರ್ಲಿಲ್ವಲ್ಲ, ಹೇಗ್ ನಿಭಾಯಿಸ್ತಿದ್ರಿ?" ಎಂದು ಕೇಳಿದಳು. ಅವಳಿಗೆ ಫೋನಿನಲ್ಲಿ ಹೇಳಿದ್ದು ಅರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ನಕ್ಕರೂ ಸರಿ, ಕಲಿತರೆ ಇನ್ನೂ ಸರಿ.

ನಮ್ಮದು ಮಡಿಕೇರಿಯಲ್ಲಿ ಅಚ್ಚಾಗುವ ದಿನಪತ್ರಿಕೆ. ಮೈಸೂರಿನ ಒಂದು ಮಾಸಪತ್ರಿಕೆಗೂ ನಮಗೂ ಕೊಡುಕೊಳ್ಳುವ ಸಂಬಂಧ ಇತ್ತು. ಅವರ ಜಾಹೀರಾತು ನಮ್ಮಲ್ಲಿ, ನಮ್ಮ ಜಾಹೀರಾತು ಅವರ ಕೊನೆಯ ಪುಟದಲ್ಲಿ. ಆ ಮಾಸಪತ್ರಿಕೆ ಕೊಡಗಿನ ಮನೆಮನೆಗೆ ಬರುತ್ತಿತ್ತು, ಕ್ಷೌರದ ಅಂಗಡಿಗಳಲ್ಲಂತೂ ಹೊರಪುಟ ಕಿತ್ತುಹೋಗುವವರೆಗೆ ಓದುತ್ತಿದ್ದರು. ನಾನು ಸೇರಿದಾಗ ನಮ್ಮ ಜಾಹೀರಾತು ಎಂದರೆ ಸುತ್ತ ಬಳ್ಳಿಯ ಅಂಚು, ನಡುವೆ ದಪ್ಪಕ್ಷರದಲ್ಲಿ 'ಓದಿರಿ, ಓದಿಸಿರಿ'. ಅದನ್ನು ಯಾರೂ ಓದುತ್ತಿರಲಿಲ್ಲ, ಇನ್ನೊಬ್ಬರಿಗೆ ಓದಿಸುತ್ತಲೂ ಇರಲಿಲ್ಲ.

ಆ ಹೊತ್ತಿಗೆ ಬಂದವರು ಮೊಣ್ಣಪ್ಪನವರು. ಅರೆಭಾಷೆ ಮನೆಮಾತಿನವರು, ಸಿದ್ದಾಪುರದ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಾಕಿ ಕೆಲಸ ನೋಡಿಕೊಳ್ಳುವವರು. ಕಾಫಿ ಚೀಲಕ್ಕೆ ಗುರುತು ಹಾಕುವ ಮಸಿಯಲ್ಲಿ ಅವರು ಬಿಡುವಿನ ಹೊತ್ತಿನಲ್ಲಿ ಚೀಲದ ಮೇಲೆ ಮುಖಗಳನ್ನು ಬರೆಯುತ್ತಿದ್ದರಂತೆ. ಒಮ್ಮೆ ಮಾಲೀಕರ ಮುಖವೇ ಚೀಲದ ಮೇಲೆ ಕುಳಿತು ಲಾರಿ ಹತ್ತಿ, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ವರೆಗೆ ಹೋಯಿತು. ಅಲ್ಲಿನವರೆಲ್ಲ ಗುರುತು ಹಿಡಿದು ನಕ್ಕರು. ಅದಾದ ಮೇಲೆ ಮೊಣ್ಣಪ್ಪನವರಿಗೆ ಎಸ್ಟೇಟಿನ ಋಣ ಬಹಳ ದಿನ ಉಳಿಯಲಿಲ್ಲ.

ನಮ್ಮ ಸಂಪಾದಕರು ಅವರನ್ನು ರಾಜಕೀಯ ವ್ಯಂಗ್ಯಚಿತ್ರಕ್ಕೆಂದು ಕರೆದುಕೊಂಡರು. ಅದು ಕೈಹತ್ತಲಿಲ್ಲ. ಮೊಣ್ಣಪ್ಪನವರ ಕೈಯಲ್ಲಿ ಮಂತ್ರಿಗಳೆಲ್ಲ ಪಾಪದ ಮನುಷ್ಯರ ಹಾಗೆ ಕಾಣುತ್ತಿದ್ದರು, ಓದುಗರಿಗೆ ಸಿಟ್ಟು ಬರುವ ಬದಲು ಕನಿಕರ ಬರುತ್ತಿತ್ತು. ಸಂಪಾದಕರು ತಲೆ ಚಚ್ಚಿಕೊಂಡು ಅವರನ್ನು ನನ್ನ ಮೇಜಿಗೆ ಅಟ್ಟಿದರು. "ಜಯಮ್ಮ, ಇವ್ರ ಕೈಲಿ ಪೇಪರಿನ ಜಾಹೀರಾತು ಬರೆಸ್ಕೊಳ್ಳಿ. ಅಲ್ಲಿ ಎಲ್ಲಾರೂ ಒಳ್ಳೇವ್ರಾಗಿದ್ರೆ ತೊಂದ್ರೆ ಇಲ್ಲ" ಎಂದರು.

ಮೊದಲ ಸಲ ಅವರು ಬರೆಯುವುದನ್ನು ನೋಡಿದ್ದು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ ಎನ್ನುತ್ತದೆ. ಪೆನ್ಸಿಲ್ ಇಲ್ಲ, ಗೆರೆಪಟ್ಟಿ ಇಲ್ಲ. ನಿಬ್ಬನ್ನು ಮಸಿಯಲ್ಲಿ ಅದ್ದಿ ಹಾಳೆಯ ನಟ್ಟನಡುವೆ ಒಂದು ಹೆಬ್ಬೆರಳು ಬರೆದರು. ನಾನು, ಇದೇನಪ್ಪ ಹೆಬ್ಬೆರಳಿನಿಂದ ಶುರು ಎಂದುಕೊಂಡೆ. ಹೆಬ್ಬೆರಳಿಗೆ ಪತ್ರಿಕೆಯ ಅಂಚು ಸಿಕ್ಕಿತು, ಅಂಚಿನಿಂದ ಇನ್ನೊಂದು ಕೈ ಬಂತು, ಆಮೇಲೆ ಕನ್ನಡಕ, ಕನ್ನಡಕದ ಹಿಂದೆ ಯಾವುದೋ ಸುದ್ದಿಗೆ ಸಿಟ್ಟಾದ ಹುಬ್ಬು. ನೋಡುನೋಡುತ್ತಿದ್ದಂತೆ ಒಬ್ಬ ಅಜ್ಜ ಜಗಲಿಯ ಮೇಲೆ ಕುಳಿತು ನಮ್ಮ ಪತ್ರಿಕೆ ಓದುತ್ತಿದ್ದ. ಇಲ್ಲದ ಮನುಷ್ಯ ಇದ್ದವನಾಗಿಬಿಟ್ಟ. ನಾನು, "ಕಾಫಿ ತರಿಸ್ಲಾ?" ಎಂದೆ.

"ಅಜ್ಜನಿಗೋ ನಂಗೋ?" ಎಂದರು ಮೊಣ್ಣಪ್ಪನವರು.

ಹೀಗೆ ಹುಟ್ಟಿದ ಅಜ್ಜನಿಗೆ ನಾವು ಹೆಸರಿಡಲಿಲ್ಲ. ಯಾವ ಜಾತಿ, ಯಾವ ಊರು ಎಂದೂ ಹೇಳಲಿಲ್ಲ. ತಿಂಗಳಿಗೊಂದು ಜಾಹೀರಾತಿನಲ್ಲಿ ಬಂದು ಪತ್ರಿಕೆ ಓದಿ ಹೋಗುತ್ತಿದ್ದ. ಒಂದು ತಿಂಗಳು ವಿರಾಜಪೇಟೆಯ ಬಸ್ಸಿನಲ್ಲಿ. ಸುತ್ತ ನಿಂತವರೆಲ್ಲ ಅಜ್ಜನ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದಾರೆ, ಅಜ್ಜ ಪುಟ ತಿರುಗಿಸುವ ಮೊದಲು ಹಿಂದೆ ನೋಡಿ 'ಆಯ್ತಾ?' ಎಂದು ಕೇಳುತ್ತಿದ್ದಾನೆ. ಇನ್ನೊಂದು ತಿಂಗಳು ಸುರಿವ ಮಳೆಯಲ್ಲಿ ತೂತುಕೊಡೆ ಹಿಡಿದು ಪೂರ್ತಿ ನೆನೆದಿದ್ದಾನೆ, ಅಂಗಿಯೊಳಗಿನಿಂದ ತೆಗೆದ ಪತ್ರಿಕೆ ಮಾತ್ರ ಗರಿಗರಿ ಒಣಗಿದೆ. ಜನ ಆ ಪುಟವನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದರು. ಪತ್ರಿಕೆ ಹಾಕುವವರು ಕಾಫಿ ತೋಟದ ಆಳುಗಳ ಲೈನ್ ಮನೆಗಳಿಗೆ ಹೋದರೆ ಅಲ್ಲಿನವರು, "ಅಜ್ಜನ ಪೇಪರಾ? ಕೊಡಿ" ಎಂದು ಕೇಳಿ ಇಸಿದುಕೊಳ್ಳುತ್ತಿದ್ದರು.

ಮೊಣ್ಣಪ್ಪನವರ ಕೆಲಸದ ಕ್ರಮವನ್ನು ಹೊಸಬರು ತಿಳಿದುಕೊಂಡಿರಲಿ. ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುವರು, ಆದರೆ ಅಲ್ಲಿ ಒಂದು ಗೆರೆಯನ್ನೂ ಎಳೆಯರು. "ನೋಡೋವಾಗ ಕೈ ಕಟ್ಟಿಕೊಂಡಿರ್ಬೇಕು ಜಯಮ್ಮ. ಕೈಗೆ ಕೆಲ್ಸ ಕೊಟ್ರೆ ಕಣ್ಣು ಸೋಮಾರಿ ಆಗ್ತದೆ" ಎನ್ನುವರು. ಬರೆಯುವುದು ಬೆಳಗಿನ ಹೊತ್ತು, ಕಿಟಕಿಯ ಪಕ್ಕ. ಮಡಿಕೇರಿಯ ಮಳೆಗಾಲದಲ್ಲಿ ಡ್ರಾಯಿಂಗ್ ಹಾಳೆ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿ ಮಸಿ ಹರಡಿಬಿಡುತ್ತದೆ. ಅದಕ್ಕೆ ಅವರು ಹಾಳೆಗಳನ್ನು ಕ್ಯಾಂಟೀನಿನ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೆಣಸಿನಕಾಯಿಯ ಜೊತೆ ಇಡುತ್ತಿದ್ದರು. ಮಳೆಗಾಲದ ಅಜ್ಜನನ್ನು ಮೂಗಿನ ಹತ್ತಿರ ಹಿಡಿದರೆ ಸೀನು ಬರುತ್ತಿತ್ತು.

ಎಡವಟ್ಟುಗಳೂ ಆದವು. ಒಂದು ಮಳೆಗಾಲದ ಜಾಹೀರಾತಿನಲ್ಲಿ ಅಜ್ಜನ ಕಾಲಿಗೆ ಇಂಬಳ ಕಚ್ಚಿ ರಕ್ತ ಹೀರಿ ದಪ್ಪಗಾಗಿದೆ, ಅಜ್ಜನಿಗೆ ಪತ್ರಿಕೆಯ ಗುಂಗಿನಲ್ಲಿ ಅದು ಗೊತ್ತೇ ಆಗಿಲ್ಲ. ಇಡೀ ಚಿತ್ರದ ಜೀವ ಇದ್ದದ್ದೇ ಆ ಇಂಬಳದಲ್ಲಿ. ಮಾಸಪತ್ರಿಕೆ ಅಚ್ಚಾಗಿ ಬಂದಾಗ ನೋಡಿದರೆ ಕಾಲು ಬೋಳು! ಫೋನ್ ಮಾಡಿದೆ. ಮೈಸೂರಿನ ಕಲಾ ವಿಭಾಗದವರು ಬಹಳ ವಿನಯದಿಂದ, "ಕಾಲಿನ ಹತ್ರ ಇಂಕು ಚೆಲ್ಲಿತ್ತು ಮೇಡಂ, ನೀಟಾಗಿ ತೆಗ್ದಿದ್ದೀವಿ" ಎಂದರು. ಇಂಬಳ ಕಚ್ಚದ ಊರಿನವರಿಗೆ ಏನೆಂದು ಬಿಡಿಸಿ ಹೇಳುವುದು? ಮುಂದಿನ ತಿಂಗಳಿನಿಂದ ಚಿತ್ರವನ್ನು ಎರಡು ರಟ್ಟಿನ ನಡುವೆ ಕಟ್ಟಿಕೊಂಡು ನಾನೇ ಮೈಸೂರಿನ ಬಸ್ ಹತ್ತತೊಡಗಿದೆ. ಪುಟ ಕಟ್ಟುವವರ ಬೆನ್ನ ಹಿಂದೆ ನಿಂತು, ಅದು ಅಚ್ಚಿನ ಫಿಲ್ಮಿಗೆ ಇಳಿಯುವವರೆಗೆ ಕದಲುತ್ತಿರಲಿಲ್ಲ. ಅವರಿಗೆ ನನ್ನನ್ನು ಕಂಡರೆ ತಲೆನೋವು. ಇರಲಿ, ಆಮೇಲೆ ಅಜ್ಜನ ಮೈಯಿಂದ ಒಂದು ಕೂದಲೂ ಉದುರಲಿಲ್ಲ.

ಹೀಗೆ ವರ್ಷಗಳು ಕಳೆದವು. ಹಳೆಯ ಸಂಪಾದಕರು ಹೋದರು, ಆಡಳಿತ ಬದಲಾಯಿತು, ಶಶಿಧರ್ ಎಂಬ ಹೊಸ ಮ್ಯಾನೇಜರ್ ಬಂದರು. ಹೊರಗಿನ ಊರಿನವರು. ಚುರುಕು ಮನುಷ್ಯ, ಮಾತಿನಲ್ಲಿ ಕಪಟವಿಲ್ಲ. ಬಂದ ಕೂಡಲೇ ಕಂಪ್ಯೂಟರ್, ಸ್ಕ್ಯಾನರ್ ತರಿಸಿದರು. "ಒಂದು ಚಿತ್ರಕ್ಕೋಸ್ಕರ ಒಬ್ಬರು ಮೈಸೂರಿಗೆ ಹೋಗ್ಬರೋದಾ? ಮೇಲ್ ಮಾಡಿ ಮೇಡಂ" ಎಂದು ನನ್ನ ಪ್ರಯಾಣ ನಿಲ್ಲಿಸಿದರು. ಆಮೇಲೆ ಮೊಣ್ಣಪ್ಪನವರನ್ನೂ ನನ್ನನ್ನೂ ಕೂರಿಸಿಕೊಂಡು ನೇರವಾಗಿ ವಿಷಯಕ್ಕೆ ಬಂದರು. ಬೆಂಗಳೂರಿನ ಏಜೆನ್ಸಿಯೊಂದು ನಗುವ ಹುಡುಗಿಯರ ಫೋಟೋ ಹಾಕಿ ಜಾಹೀರಾತು ಮಾಡಿಕೊಡಲು ತಯಾರಿದೆ. ಅಜ್ಜನನ್ನು ಈಗಲೂ ಯಾರಾದರೂ ನೋಡುತ್ತಾರೋ ಇಲ್ಲವೋ ಅವರಿಗೆ ಅನುಮಾನ.

"ಇನ್ನೊಂದು ಜಾಹೀರಾತು ಬರೀರಿ ಸರ್. ಜನ ಅಜ್ಜನ ಬಗ್ಗೆ ಕೇಳಿದ್ರೆ, ಫೋನು, ಪತ್ರ, ಏನಾದ್ರೂ ಬಂದ್ರೆ, ಅಜ್ಜ ಇರ್ಲಿ, ನೀವೂ ಇರಿ. ಇಲ್ದಿದ್ರೆ ನಿಲ್ಲಿಸೋಣ" ಎಂದರು.

ಮೊಣ್ಣಪ್ಪನವರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅಜ್ಜನನ್ನು ಬಿಟ್ಟು ಅವರು ಬೇರೇನನ್ನೂ ಬರೆಯುತ್ತಿರಲಿಲ್ಲ. ಆ ಕಿಟಕಿ, ಆ ಮಸಿ, ಆ ಮುದುಕ, ಇಷ್ಟೇ ಅವರ ಬದುಕಾಗಿತ್ತು.

ಆ ಕೊನೆಯ ಪರೀಕ್ಷೆಗೆ ಅವರು ಬರೆದದ್ದನ್ನು ನೋಡಿ ನಾನು ಬೆಚ್ಚಿದೆ. ಚಿತ್ರದಲ್ಲಿ ಅಜ್ಜನೇ ಇಲ್ಲ! ಗುಡ್ಡದ ಮೇಲೆ ಅಜ್ಜನ ಮನೆ. ಮೆಟ್ಟಿಲ ಮೇಲೆ ಬಿಡಿಸದ ಪತ್ರಿಕೆ. ಮನೆಯ ಹಿಂದಿನಿಂದ ಆಕಾಶಕ್ಕೆ ಏರಿದ ಕೋವಿಯ ಹೊಗೆ, ಪಕ್ಕದಲ್ಲಿ 'ಢಂ'. ಕೆಳಗೆ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವರೆಲ್ಲ ನಿಂತು ಮನೆಯ ಕಡೆ ತಿರುಗಿದ್ದಾರೆ. ಅಡಿಯಲ್ಲಿ ಒಂದು ಸಾಲು: 'ಒಂದು ಸುದ್ದಿಗೆ ಕೋವಿ. ಉಳಿದೆಲ್ಲ ಸುದ್ದಿಗೆ ನಮ್ಮ ಪತ್ರಿಕೆ.'

ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಮಡಿಕೇರಿಗೆ ಕೆಲಸಕ್ಕೆ ಬರುವವರೆಗೆ ನನಗೂ ಕೋವಿಯ ಭಾಷೆ ಗೊತ್ತಿರಲಿಲ್ಲ. ಇಲ್ಲಿನ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿ. ಸಾವಾದರೆ ಒಂದರ ಹಿಂದೆ ಒಂದು, ಎರಡು. ಗುಡ್ಡದ ಆಚೆ ಗುಡ್ಡ ಇರುವ ಈ ಊರುಗಳಲ್ಲಿ ಶಬ್ದ ಕೇಳಿದವರು ಎರಡನೆಯದಕ್ಕಾಗಿ ಉಸಿರು ಹಿಡಿದು ಕಾಯುತ್ತಾರೆ. ಎರಡನೆಯದು ಬಂತೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ.

"ಒಂದೇ ಗುಂಡು. ಅಜ್ಜನಿಗೆ ಮೊಮ್ಮಗ ಹುಟ್ಟಿದ್ದಾನೆ" ಎಂದರು ಮೊಣ್ಣಪ್ಪನವರು. "ಪೇಪರ್ ತೆಗೀಲಿಕ್ಕೂ ಪುರುಸೊತ್ತಿಲ್ಲ, ಹಿತ್ಲಲ್ಲಿ ಕೋವಿ ಹಿಡ್ಕೊಂಡು ನಿಂತಿದ್ದಾನೆ. ಅಜ್ಜನ್ನ ತೋರಿಸದೆ ಅಜ್ಜನ ಸಂತೋಷ ತೋರಿಸ್ಬೇಕು. ಆಯ್ತಾ ಇಲ್ವಾ ಹೇಳಿ."

ಆಗಿತ್ತು. ಗದ್ದೆಯ ಜನರ ಒಂದೊಂದು ಕತ್ತಿನಲ್ಲೂ ಆ ಕಾಯುವಿಕೆ ಇತ್ತು. ಬರೀ ಕತ್ತಿನ ಓರೆಯಲ್ಲಿ, ಇನ್ನೊಂದು ಗುಂಡು ಬಾರದಿರಲಿ ದೇವರೇ ಎಂಬ ಪ್ರಾರ್ಥನೆ ಬರೆಯಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಬಹಳ ಹೊತ್ತು ನೋಡಿದೆ. ಸ್ಕ್ಯಾನ್ ಮಾಡಿ, ಶಶಿಧರ್ ಹೇಳಿದಂತೆ ಮೇಲ್ ಮಾಡಿದೆವು.

ಮೈಸೂರಿನಲ್ಲಿ ಅದನ್ನು ಪುಟಕ್ಕೆ ಕೂರಿಸಿದವನಿಗೆ ಆಕಾಶ ತುಂಬ ಖಾಲಿ ಕಂಡಿತಂತೆ. ಬಲಗಡೆ ಒಂದು ಹೊಗೆ ಇದೆ, ಎಡಗಡೆ ಬರಿದು. ಒಳ್ಳೆಯ ಹುಡುಗನೇ ಇರಬೇಕು, ಕೆಲಸದಲ್ಲಿ ಶ್ರದ್ಧೆ ಇದ್ದವನು. ಹೊಗೆಯನ್ನೂ 'ಢಂ' ಅನ್ನೂ ಕಾಪಿ ಮಾಡಿ ಎಡಗಡೆಗೆ ಅಂಟಿಸಿದ. ಅವನ ಕಣ್ಣಿಗೆ ಚಿತ್ರ ತಕ್ಕಡಿಯ ಹಾಗೆ ಸಮನಾಯಿತು.

ಮಾಸಪತ್ರಿಕೆ ಕೊಡಗಿಗೆ ಬಂದ ದಿನ ಬೆಳಗ್ಗೆ ನಾನು ಕಚೇರಿಯ ಬೀಗ ತೆಗೆಯುವಾಗಲೇ ಫೋನ್ ಹೊಡೆದುಕೊಳ್ಳುತ್ತಿತ್ತು. ಹುದಿಕೇರಿಯಿಂದ ಒಬ್ಬ ನಿವೃತ್ತ ಮೇಷ್ಟ್ರು.

"ಯಾವಾಗ ಹೋದ್ರಮ್ಮ?"

"ಯಾರು ಸಾರ್?"

"ಅಜ್ಜ. ಏನಾಗಿತ್ತು? ಹೋದ ತಿಂಗ್ಳು ಚೆನ್ನಾಗೇ ಇದ್ರಲ್ಲ."

ನಾನು ಮಾಸಪತ್ರಿಕೆ ಬಿಡಿಸಿ ನೋಡಿದೆ. ಎರಡು ಹೊಗೆ, ಎರಡು ಢಂ. ಮೆಟ್ಟಿಲ ಮೇಲೆ ಯಾರೂ ತೆಗೆಯದ ಪತ್ರಿಕೆ. ಎಲ್ಲೂ ಕಾಣದ ಅಜ್ಜ. ಮೊಮ್ಮಗನ ಹುಟ್ಟಿಗಾಗಿ ಬರೆದ ಒಂದೊಂದು ಗೆರೆಯೂ ಸಾವಿಗೆ ಸಾಕ್ಷಿ ಹೇಳುತ್ತಿತ್ತು. 'ಒಂದು ಸುದ್ದಿಗೆ ಕೋವಿ' ಎಂಬ ಸಾಲು ಕೂಡ ಆ ಕಡೆಗೇ ವಾಲಿತ್ತು.

ಆ ವಾರ ಪೂರ್ತಿ ಫೋನು ನಿಲ್ಲಲಿಲ್ಲ. ಜನ ಕಚೇರಿಗೇ ಬಂದರು. ಸಿದ್ದಾಪುರದ ಲೈನಿನಿಂದ ಕಾಫಿ ಕೊಯ್ಯುವ ಪಿಕಿಂಗಿಗೆ ಹೋಗುವ ಹೆಂಗಸರು ಭಾನುವಾರದ ಸಂತೆ ಬಿಟ್ಟು ಬಸ್ ಹತ್ತಿ ಬಂದು, ತಮಿಳು ಕನ್ನಡ ಬೆರೆಸಿ, "ತಾತಾ ಪೋಯಿಟಾರಾ ಅಮ್ಮಾ, ನಿಜಾನಾ?" ಎಂದು ಕೇಳಿದರು. ಒಬ್ಬ ಮಾಪಿಳ್ಳೆ ಮೀನಿನ ವ್ಯಾಪಾರಿ ಗಾಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ ಒಳಗೆ ಬಂದು, ಅಜ್ಜನ ಹಳೆಯ ಚಿತ್ರ ಒಂದನ್ನು ಕೇಳಿ ತೆಗೆದುಕೊಂಡು ಹೋದ. ಇವರ್ಯಾರಿಗೂ ಅಜ್ಜ ಬರೀ ಚಿತ್ರ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬಂದರು. ಕಾಗದದ ಮೇಲಿನ ಎರಡು ಹೊಗೆಯ ಉಂಡೆಗೆ ಇಷ್ಟು ಜನ ಎದ್ದು ಬರುತ್ತಾರೆಂಬುದು ನನ್ನ ತಿಳಿವಳಿಕೆಗೆ ಮೀರಿದ್ದಾಗಿತ್ತು.

ಶಶಿಧರ್ ಮೊದಲು ನಕ್ಕರು. ಪದ್ಧತಿ ಏನೆಂದು ತಿಳಿದ ಮೇಲೆ ತಲೆಯ ಮೇಲೆ ಕೈ ಇಟ್ಟುಕೊಂಡರು. ಫೋನುಗಳ ಸದ್ದು ಕೇಳಿ ಕೇಳಿ ಮೂರನೆಯ ದಿನ ಅವರ ಮುಖ ಅರಳಿತು. "ನಾನೇ ಸೋತೆ ಸರ್" ಎಂದು ಮೊಣ್ಣಪ್ಪನವರ ಕೈ ಹಿಡಿದುಕೊಂಡರು. "ಏಜೆನ್ಸಿಗೆ ಬೇಡ ಅಂತ ಹೇಳ್ತೀನಿ. ಮುಂದಿನ ತಿಂಗಳು ದೊಡ್ಡದಾಗಿ ಹಾಕೋಣ, ಮುದ್ರಣ ದೋಷ ಆಗಿತ್ತು, ಅಜ್ಜ ಬದುಕಿದ್ದಾರೆ ಅಂತ. ಅಜ್ಜ ಇರೋವರೆಗೂ ನೀವಿರ್ತೀರಿ."

ಮೊಣ್ಣಪ್ಪನವರಿಗೆ ಅಂದು ಹತ್ತು ವರ್ಷ ಕಡಿಮೆಯಾದಂತಿತ್ತು. ಕುಳಿತ ಕಡೆಯೇ ಬರೆಯತೊಡಗಿದರು. ಅಜ್ಜ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಅಳುತ್ತ ಬರುತ್ತಿರುವ ಜನರ ಕಡೆ ಬೆರಳೆತ್ತಿ, 'ನಾನು ಹೊಡೆದದ್ದು ಒಂದೇ ಮಾರಾಯರೇ!' ಎಂದು ಕೂಗುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮುಖ, ಬೆರಳು, ಕಿಟಕಿ ಆಗಿತ್ತು. ಜನರಿಗೆ ಮಸಿ ತುಂಬುವುದು ಬಾಕಿ ಇತ್ತು.

ಅಷ್ಟರಲ್ಲಿ ಪೂವಮ್ಮ ಬಂದರು.

ಗಾಳಿಬೀಡಿನವರು, ಎಪ್ಪತ್ತರ ಆಚೆಯವರು, ಜೊತೆಯಲ್ಲಿ ಮಗಳು. ಕೈಯಲ್ಲಿ ಒಂದು ಪೊಟ್ಟಣ ಸೂಜಿಮೆಣಸು. ನಾನು ಮೂರು ದಿನದಿಂದ ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ. ಅಜ್ಜ ಸತ್ತಿಲ್ಲಮ್ಮ, ಅಚ್ಚಿನಲ್ಲಿ ತಪ್ಪಾಗಿದೆ, ಎನ್ನಬೇಕು. ಅವರು ಅದಕ್ಕೆ ಅವಕಾಶ ಕೊಡಲಿಲ್ಲ. "ಚಿತ್ರ ಬರ್ದವ್ರು ಯಾರು?" ಎಂದರು. ಮೊಣ್ಣಪ್ಪನವರು ಎದ್ದು ನಿಂತರು. ಪೂವಮ್ಮ ಪೊಟ್ಟಣವನ್ನು ಅವರ ಮೇಜಿನ ಮೇಲೆ ಇಟ್ಟರು.

"ನಮ್ಮವ್ರು ಹೋದದ್ದು ಹೋದ ಮಳೆಗಾಲ" ಎಂದರು. "ಮೈಸೂರು ಆಸ್ಪತ್ರೇಲಿ. ಗುಡ್ಡ ಕುಸಿದು ನಮ್ಮ ದಾರಿ ಜರಿದಿತ್ತು. ಮನೆಗೆ ತರ್ಲಿಕ್ಕೆ ಆಗ್ಲಿಲ್ಲ, ಅಲ್ಲೇ ಮುಗಿಸಿದ್ದು. ಊರಲ್ಲಿ ಆಗ ಯಾರಿದ್ರು? ಗುಡ್ಡಕ್ಕೆ ಹೆದ್ರಿ ಒಬ್ಬೊಬ್ರು ಒಂದೊಂದು ನೆಂಟ್ರ ಮನೇಲಿ. ಗುಂಡು ಹೊಡೀಲಿಕ್ಕೆ ಮನೇಲಿ ಜನವೇ ಇಲ್ಲ."

ಮಗಳು, "ಅಮ್ಮ, ಕೂತ್ಕೊಂಡು ಹೇಳು" ಎಂದಳು. ಪೂವಮ್ಮ ಕೂರಲಿಲ್ಲ.

"ಆಮೇಲೆ ಮನೆಗೆ ಹೋದ್ವಿ. ಬಾಗಿಲು ತೆಗ್ದು ಕೂತಿದ್ದೆ. ಗುಂಡು ಕೇಳದೆ ಜನ ಹೇಗೆ ಬರ್ತಾರೆ ಹೇಳಿ? ಅಂಗಡೀಲಿ ಒಬ್ರು, ಬಸ್ಸಲ್ಲಿ ಒಬ್ರು, 'ಹೌದಾ ಪೂವಮ್ಮ, ಗೊತ್ತೇ ಆಗ್ಲಿಲ್ಲ' ಅಂದ್ರು. ತಿಂಗ್ಳುಗಟ್ಲೆ ಆದ್ಮೇಲೆ ಕೋವಿ ತೆಗ್ದು ಹೊಡೆದ್ರೆ ಅದು ಮರ್ಯಾದೆಯಾ? ಅವ್ರು ಕಳ್ಳನ ಹಾಗೆ ಹೋದಂಗಾಯ್ತು." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಮೊನ್ನೆ ಇದು ಬಂತು. ಗುಡ್ಡದ ಮೇಲೆ ಮನೆ. ನಮ್ದೂ ಹಾಗೇ. ಅವ್ರೂ ಪೇಪರಿಗೆ ಮೆಟ್ಲಲ್ಲೇ ಕಾಯ್ತಿದ್ರು. ಎರಡು ಗುಂಡು. ಊರೆಲ್ಲ ನಿಂತು ನೋಡ್ತಿದೆ. ನಾನು ಇವ್ಳಿಗೆ ಹೇಳ್ದೆ, ನೋಡು, ಯಾರೋ ನಿಮ್ಮಪ್ಪನಿಗೆ ಹೊಡೆಸಿದ್ದಾರೆ ಅಂತ. ಆ ರಾತ್ರಿ ನಿದ್ದೆ ಬಂತು ನಂಗೆ."

ಮೊಣ್ಣಪ್ಪನವರು ಮೇಜಿನ ಮೇಲಿದ್ದ ಹಾಳೆಯನ್ನು, ಕಿಟಕಿಯಿಂದ ಕೂಗುತ್ತಿದ್ದ ಅಜ್ಜನನ್ನು, ಮೆಲ್ಲಗೆ ಮಗುಚಿ ಹಾಕಿದರು. ಪೂವಮ್ಮನ ಕಣ್ಣು ಅದರ ಮೇಲೆ ಬೀಳಲಿಲ್ಲ. ಇಬ್ಬರೂ ಅರೆಭಾಷೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಮೊಣ್ಣಪ್ಪನವರು ಗಂಡನ ಹೆಸರು, ಮನೆಯ ದಾರಿ ಕೇಳಿದರು. ಬಾಗಿಲವರೆಗೆ ಹೋಗಿ ಕಳಿಸಿ ಬಂದರು.

ಬಂದವರು ಆ ಹಾಳೆಯನ್ನು ನಾಲ್ಕಾಗಿ ಹರಿದರು.

"ಅಣ್ಣ! ಏನ್ ಮಾಡ್ತಿದ್ದೀರಾ? ನಿಮ್ ಕೆಲ್ಸ ಅದ್ರಲ್ಲಿದೆ" ಎಂದು ನಾನು ಕೂಗಿಯೇಬಿಟ್ಟೆ.

"ಗೊತ್ತುಂಟು" ಎಂದರು. "ತಪ್ಪಾಗಿತ್ತು, ಆ ಎರಡನೇದು ಸುಳ್ಳು ಗುಂಡು ಅಂತ ಈಗ ಹಾಕಿದ್ರೆ, ಆ ತಾಯಿ ಮನೇಲಿ ಏನಾಗ್ತದೆ ಜಯಮ್ಮ? ಅವ್ರು ಅದನ್ನ ತಗೊಂಡಾಯ್ತು. ಕೊಟ್ಟದ್ದನ್ನ ಕಿತ್ಕೊಳ್ಳೋದಾ?"

"ಅವ್ರೊಬ್ರಿಗೋಸ್ಕರ? ಅಜ್ಜನ್ನ ಎಷ್ಟು ಜನ ಬದುಕಿಸಿ ಅಂತ ಕೇಳ್ತಿದ್ದಾರೆ!"

"ಅವ್ರಿಗೆಲ್ಲ ಅಜ್ಜ ಬೇಕು. ಇವ್ರಿಗೆ ಗಂಡ."

ಅಷ್ಟು ವರ್ಷ ಅವರ ಕೈಯ ಚಮತ್ಕಾರ ನೋಡಿ ಬೆರಗಾಗಿದ್ದೆ. ಅಂದು ನೋಡಿದ್ದು ಅದಕ್ಕಿಂತ ದೊಡ್ಡದು. ಗೆರೆ ಎಳೆಯುವವರನ್ನು ನಾನು ಆಮೇಲೂ ಎಷ್ಟೋ ಜನರನ್ನು ಕಂಡಿದ್ದೇನೆ. ಎಳೆದ ಗೆರೆ ಯಾರ ಮನೆಗೆ ಹೋಗಿ ಸೇರಿತು ಎಂದು ತಿಳಿದು, ಅದಕ್ಕೆ ತಲೆಬಾಗಿ, ತಮ್ಮ ಅನ್ನವನ್ನೇ ಬಿಟ್ಟುಕೊಟ್ಟವರು ಅವರೊಬ್ಬರೇ.

ಶಶಿಧರ್ ಜೊತೆ ಮಾತು ಸುಲಭವಾಗಿರಲಿಲ್ಲ. "ಸತ್ತ ಅಜ್ಜನ್ನ ಇಟ್ಕೊಂಡು ನಾನು ಪೇಪರ್ ಹೇಗ್ ಮಾರ್ಲಿ ಸರ್?" ಎಂದರು. ಬೇರೆ ಯಾರನ್ನಾದರೂ ಬರೆಯಿರಿ, ಅಜ್ಜಿ, ಮೊಮ್ಮಗ, ಎಂದು ಬೇಡಿಕೊಂಡರು. ಮೊಣ್ಣಪ್ಪನವರು ಒಂದೆರಡು ಪ್ರಯತ್ನ ಮಾಡಿ ನನಗೆ ತೋರಿಸಿದರು. ಚಂದವಿದ್ದವು, ಜೀವವಿರಲಿಲ್ಲ. ಅದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು. ತಿಂಗಳ ಕೊನೆಗೆ ಬಿಡುತ್ತೇನೆ ಎಂದು ಅವರೇ ಹೇಳಿದರು. ತಿದ್ದುಪಡಿ ಹಾಕಲಿಲ್ಲ. ಏಜೆನ್ಸಿಯ ನಗುವ ಹುಡುಗಿಯರು ಬಂದರು. ಅವರು ಇಂದಿಗೂ ನಗುತ್ತಿದ್ದಾರೆ.

ಆದರೆ ಫೋನುಗಳು ಇನ್ನೂ ಬರುತ್ತಿದ್ದವಲ್ಲ, ಅವುಗಳಿಗೆ ಉತ್ತರ ಹೇಳಬೇಕಾದವಳು ನಾನು. ತಪ್ಪಾಗಿದೆ ಎನ್ನುವ ಹಾಗಿಲ್ಲ. ಹುದಿಕೇರಿಯ ಮೇಷ್ಟ್ರು ಮತ್ತೆ ಫೋನ್ ಮಾಡಿ, "ಮೊದ್ಲು ತಪ್ಪು ಅಂದ್ರಿ. ನಿಮ್ಮ ಪೇಪರಲ್ಲೂ ತಿದ್ದುಪಡಿ ಬರ್ಲೇ ಇಲ್ಲ. ಸರಿಯಾಗಿ ಹೇಳಮ್ಮ, ಗುಂಡು ಯಾರಿಗೆ ಹೊಡೆದದ್ದು?" ಎಂದು ಗದರಿದರು.

ನಾನು ರಿಸೀವರಿಗೆ ಕೈ ಅಡ್ಡ ಹಿಡಿದು ಮೊಣ್ಣಪ್ಪನವರ ಕಡೆ ನೋಡಿದೆ. ಅವರು ನಿಬ್ಬುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದರು. "ಇದ್ದದ್ದು ಹೇಳಿ" ಎಂದರು.

ಹೇಳಿದೆ. ಗಾಳಿಬೀಡಿನ ಒಬ್ಬರು ಹೋದ ಮಳೆಗಾಲದಲ್ಲಿ ತೀರಿಕೊಂಡದ್ದು, ದಾರಿ ಜರಿದದ್ದು, ಗುಂಡು ಹೊಡೆಯದೆ ಉಳಿದದ್ದು. ಮೇಷ್ಟ್ರು, "ಮನೆ ಎಲ್ಲಿ ಬರ್ತದೆ?" ಎಂದು ಕೇಳಿದರು. ದಾರಿ ಹೇಳಿದೆ. ಅಂದಿನಿಂದ ಕೇಳಿದವರಿಗೆಲ್ಲ ಅದನ್ನೇ ಹೇಳಿದೆ.

ಮುಂದಿನ ಭಾನುವಾರ ಕಳೆದು ಸೋಮವಾರ ಮಧ್ಯಾಹ್ನ ಪೂವಮ್ಮನ ಮಗಳ ಫೋನ್ ಬಂತು. ಹಿಂದೆ ಜನರ ಗದ್ದಲ, ಪಾತ್ರೆಯ ಸದ್ದು. ನಿನ್ನೆ ಬೆಳಗ್ಗೆ ಹುದಿಕೇರಿಯಿಂದ ಒಂದು ಜೀಪು ಬಂತಂತೆ, ಸಾವಿನ ಮನೆಗೆ ಬರುವ ಹಾಗೆ ಬಿಳಿ ಬಟ್ಟೆ ಉಟ್ಟವರು. ಆಮೇಲೆ ಸಿದ್ದಾಪುರದ ಲೈನಿನ ಹೆಂಗಸರು. ಗುರುತು ಪರಿಚಯ ಇಲ್ಲದವರು ಬಂದು, ಜಗಲಿಯಲ್ಲಿ ಕೂತು, ಅಪ್ಪ ಹೇಗಿದ್ದರು, ಏನು ಓದುತ್ತಿದ್ದರು ಎಂದು ಕೇಳಿಕೊಂಡು ಹೋಗುತ್ತಿದ್ದಾರಂತೆ. ನಿಮ್ಮ ಮ್ಯಾನೇಜರ್ ಕೂಡ ಬಂದಿದ್ದರು, ತುಂಬ ಹೊತ್ತು ಕೂತಿದ್ದರು ಎಂದಳು. ಇವತ್ತೂ ಜನ ಇದ್ದಾರಂತೆ.

"ಮೇಡಂ, ಅಮ್ಮ ಕೇಳ್ಲಿಕ್ಕೆ ಹೇಳಿದ್ರು" ಎಂದಳು. "ಇನ್ನೂ ಬರ್ತಾರಾ? ಕಾಫಿಗೆ ಹಾಲು ಸಾಕಾಗ್ತಿಲ್ಲ."

ಫೋನನ್ನು ಮೊಣ್ಣಪ್ಪನವರ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡರು, ಕನ್ನಡಕ ತೆಗೆದು ಮೇಜಿನ ಮೇ‌ಲಿಟ್ಟರು.

"ಬರ್ತಾರಮ್ಮ" ಎಂದರು. "ಹಾಲು ಜಾಸ್ತಿ ಹೇಳಿಡಿ."